ಆಕ್ಸಿಮೀಟರ್ 98 ತೋರಿಸುತ್ತಿದೆ, ಆದರೂ ರೋಗಿಗೆ ಉಸಿರಿಲ್ಲ

ಕೋವಿಡ್ ಕಾಲದಲ್ಲಿ 94 ಎಂಬ ಸಂಖ್ಯೆ ಮನೆಮನೆಗೂ ಗೊತ್ತಾಯಿತು. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡು, ಅಷ್ಟೇ. ಮನೆಯವರಿಗೆ ಇಷ್ಟು ಸಾಕು, ಆಸ್ಪತ್ರೆ ಸಿಬ್ಬಂದಿಗೆ ಸಾಲದು. ಮಲೆ ಮಹದೇಶ್ವರ ಬೆಟ್ಟದಂಥ ಕಡೆಯಂತೂ ಸಾಲುವುದೇ ಇಲ್ಲ. ಅಲ್ಲಿಂದ ಮೈಸೂರು ಸುಮಾರು 150 ಕಿ.ಮೀ. ರೋಗಿಯನ್ನು ಈಗಲೇ ಕಳಿಸಬೇಕೋ, ಬೆಳಗಿನವರೆಗೆ ಕಾಯಬಹುದೋ ಎಂದು ರಾತ್ರಿ ಪಾಳಿಯ ನರ್ಸ್ ಯೋಚಿಸುವಾಗ ಕಣ್ಣು ಹೋಗುವುದು ಆ ಕ್ಲಿಪ್ಪಿನ ಮೇಲೆಯೇ.

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಮೈಸೂರಿಗೆ ಸಾಗಿಸಿದ ಹಲವರನ್ನು ವೆಂಟಿಲೇಟರ್‌ಗೆ ಹಾಕಬೇಕಾಯಿತು. ಇಂಥ ವಿಷ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ, ಉಸಿರಾಡುವ ಸ್ನಾಯುಗಳನ್ನು ಸೋಲಿಸುತ್ತದೆ. ಕಟ್ಟುಹಾವು ಕಚ್ಚಿದರೂ ಸ್ನಾಯುಗಳು ಹೀಗೇ ಸೋಲುತ್ತವೆ. ರೋಗಿಗೆ ಆಕ್ಸಿಜನ್ ಕೊಟ್ಟಿದ್ದರೆ, ಉಸಿರು ಸಣ್ಣಗಾಗುತ್ತಾ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಕ್ಲಿಪ್ಪು 98 ಅನ್ನುತ್ತಲೇ ಇರಬಹುದು. ಅದು ಅಳೆಯುವುದು ಆಕ್ಸಿಜನ್ ಮಾತ್ರ, ಉಸಿರಾಟವನ್ನಲ್ಲ. ಉಸಿರನ್ನು ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಬೇಕು. ಮಲಗಿದಲ್ಲಿಂದ ಕತ್ತು ಎತ್ತಲು ಆಗುತ್ತಾ ಅಂತ ನೋಡಬೇಕು.

ಯಂತ್ರದ ಒಳಗುಟ್ಟು ಸರಳ. ಕೆಂಪು ಬೆಳಕು, ಅವಕೆಂಪು ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯ ಜೊತೆ ಏರಿಳಿಯುವ ಭಾಗವನ್ನಷ್ಟೇ ಲೆಕ್ಕ ಹಾಕುತ್ತದೆ. 1970ರ ದಶಕದಲ್ಲಿ ಜಪಾನಿನ ಇಂಜಿನಿಯರ್ ಟಕುವೊ ಅಯೊಯಾಗಿ ಹೊಳೆಸಿದ ಉಪಾಯ. (ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಇವತ್ತಿಗೂ ಖುಷಿ ಕೊಡುವ ಉಪಾಯ.) ಆದ್ದರಿಂದ ನಾಡಿ ಸಿಗದಿದ್ದರೆ ಸಂಖ್ಯೆಗೆ ಬೆಲೆಯಿಲ್ಲ. ಬೆಟ್ಟದ ಚಳಿಗೆ ತಣ್ಣಗಾದ ಬೆರಳು, ಬಿದ್ದುಹೋದ ಬಿಪಿ, ಉಗುರುಬಣ್ಣ, ದಟ್ಟ ಮೆಹಂದಿ ಎಲ್ಲವೂ ಕೈಕೊಡುತ್ತವೆ. ಬೆಂಕಿ ಹೊಗೆ ಕುಡಿದವರಲ್ಲಿ ಕಾರ್ಬನ್ ಮೊನಾಕ್ಸೈಡನ್ನೂ ಆಕ್ಸಿಜನ್ ಅಂತಲೇ ಓದಿಬಿಡುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮ ಹಳ್ಳಿಗಳಲ್ಲಿ ಇದನ್ನು ಲಘುವಾಗಿ ತಗೊಳ್ಳುವಂತಿಲ್ಲ.

ಇನ್ನು ಸಂಖ್ಯೆ ಇಳಿಯುವ ರೀತಿ. 98ರಿಂದ 92ರವರೆಗೆ ಬೆಟ್ಟದ ಮೇಲಿನ ಸಮತಟ್ಟು ರಸ್ತೆ. 90 ದಾಟಿದರೆ ತಾಳಬೆಟ್ಟದ ಕಡೆಗಿನ ಇಳಿಜಾರು, ಬ್ರೇಕ್ ಹಿಡಿಯೋದು ಕಷ್ಟ.

ಇದನ್ನೆಲ್ಲ ಕಲಿಸಲು ಅರ್ಧ ದಿನ ಸಾಕು, ಸ್ಲೈಡುಗಳೂ ಬೇಡ. ಸಿಬ್ಬಂದಿ ತಮ್ಮ ಬೆರಳಿಗೇ ಕ್ಲಿಪ್ ಹಾಕಿಕೊಳ್ಳಲಿ. ಅದೇ ತೋಳಿಗೆ ಬಿಪಿ ಪಟ್ಟಿ ಬಿಗಿದು, ತೆರೆಯ ಮೇಲಿನ ಅಲೆ ಚಪ್ಪಟೆಯಾಗುವುದನ್ನು ನೋಡಲಿ. ಆಮೇಲೆ ಅರ್ಧ ನಿಮಿಷ ಉಸಿರು ಬಿಗಿಹಿಡಿಯಲಿ. ಎದೆ ಒದ್ದಾಡುತ್ತಿರುತ್ತದೆ, ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ.