ಪರರ ಮನಸ್ಸಿನ ಅರಿವು: ಒಡಹುಟ್ಟಿದವರು ಮತ್ತು ಭಾಷೆ

ಒಂದು ಸಂಗತಿಯನ್ನು ಕುರಿತು ಬೇರೊಬ್ಬರು ತಪ್ಪಾಗಿ ತಿಳಿದಿರಬಹುದೆಂಬ ಅರಿವು ಮಗುವಿನಲ್ಲಿ ಯಾವಾಗ ಮೂಡುತ್ತದೆ? ಅದಕ್ಕೆ ಕಾರಣಗಳಾವುವು? ಗತಕಾಲದವರು ತಮಗೆ ತಿಳಿದಷ್ಟರಿಂದಲೇ ನಡೆದುಕೊಂಡರೆಂಬುದನ್ನು ಸದಾ ಗಮನದಲ್ಲಿಡಬೇಕಾದ ಚರಿತ್ರಕಾರನಿಗೂ ಈ ಪ್ರಶ್ನೆ ಹೊರಗಿನದಲ್ಲ.

1983ರಲ್ಲಿ ವಿಮರ್ ಮತ್ತು ಪೆರ್ನರ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಸರಳವಾದ ಪರೀಕ್ಷೆಯನ್ನು ಪ್ರಕಟಿಸಿದರು. ಹುಡುಗನೊಬ್ಬನು ಚಾಕೊಲೇಟನ್ನು ಒಂದು ಬೀರುವಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ತಾಯಿ ಅದನ್ನು ಬೇರೊಂದರಲ್ಲಿಡುತ್ತಾಳೆ. ಹಿಂದಿರುಗಿದ ಹುಡುಗನು ಎಲ್ಲಿ ಹುಡುಕುವನು? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟು ಈಗ ಇರುವ ಎಡೆಯನ್ನೇ ತೋರಿಸುತ್ತಾರೆ. ನಾಲ್ಕೈದು ವರ್ಷಗಳ ಹೊತ್ತಿಗೆ ಅನೇಕರು, ಹುಡುಗನು ‘ಮೊದಲಿನ ಕಡೆಯೇ ಇದೆ ಎಂದುಕೊಂಡಿದ್ದಾನೆ’ ಎಂಬುದನ್ನು ಗ್ರಹಿಸುತ್ತಾರೆ.

ಈ ಬೆಳವಣಿಗೆಯ ವೇಗ ಎಲ್ಲರಲ್ಲಿಯೂ ಒಂದೇ ಅಲ್ಲ. ಒಡಹುಟ್ಟಿದವರುಳ್ಳ ಮಕ್ಕಳು ಇದರಲ್ಲಿ ಮುಂದಿರುವರೆಂದು 1994ರಲ್ಲಿ ಪೆರ್ನರ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಇಂಗ್ಲೆಂಡ್ ಮತ್ತು ಜಪಾನಿನ 444 ಮಕ್ಕಳನ್ನು ಕುರಿತ 1998ರ ಅಧ್ಯಯನದಲ್ಲಿ ಈ ಪ್ರಯೋಜನವು ಅಣ್ಣ ಅಕ್ಕಂದಿರಿಂದ ಕಂಡುಬಂದಿತೇ ಹೊರತು ತಮ್ಮ ತಂಗಿಯರಿಂದಲ್ಲ. ಎಲ್ಲ ಅಧ್ಯಯನಗಳೂ ಈ ಸಂಬಂಧವನ್ನು ಸಮರ್ಥಿಸಿಲ್ಲವೆಂಬುದನ್ನೂ ಹೇಳಬೇಕು. ಕೆನಡದ ಜೆಂಕಿನ್ಸ್ ಮತ್ತು ಆಸ್ಟಿಂಗ್ಟನ್ 1996ರಲ್ಲಿ ಕಂಡುಕೊಂಡಂತೆ, ಭಾಷಾಸಾಮರ್ಥ್ಯ ಕಡಿಮೆಯಿದ್ದ ಮಕ್ಕಳಲ್ಲಿಯೇ ಒಡಹುಟ್ಟಿದವರ ಪ್ರಭಾವ ಹೆಚ್ಚು. ಆಟ, ಜಗಳ, ಕೀಟಲೆಗಳು ಭಾಷೆಯ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿಕೊಡುತ್ತವೆಯೆಂದು ಇದರಿಂದ ಊಹಿಸಬಹುದು.

ಹಾಗಾದರೆ ಭಾಷೆಯೇ ದೊರೆಯದಿದ್ದಲ್ಲಿ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಮಧ್ಯ ಅಮೆರಿಕದ ನಿಕರಾಗುವ ಒದಗಿಸಿದೆ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆಯೊಂದು ಆರಂಭವಾದ ಬಳಿಕ, ಅಲ್ಲಿ ಕೂಡಿದ ಕಿವುಡ ಮಕ್ಕಳು ತಾವೇ ಹೊಸದೊಂದು ಸಂಜ್ಞಾಭಾಷೆಯನ್ನು ಕಟ್ಟಿಕೊಂಡರು. ಮೊದಲ ತಂಡದವರ ಭಾಷೆಯಲ್ಲಿ ‘ತಿಳಿ’, ‘ಭಾವಿಸು’ ಎಂಬಂಥ ಸಂಜ್ಞೆಗಳು ವಿರಳ. ಅನಂತರ ಬಂದ ಕಿರಿಯರಲ್ಲಿ ಅವು ಹೇರಳ. ಪಯರ್ಸ್ ಮತ್ತು ಸೆಂಗಾಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ತಂಡದವರು ಪ್ರಾಪ್ತವಯಸ್ಕರಾಗಿದ್ದರೂ ಪರರ ತಪ್ಪು ನಂಬಿಕೆಯನ್ನು ಗ್ರಹಿಸುವುದರಲ್ಲಿ ಕಿರಿಯರಿಗಿಂತ ಹಿಂದಿದ್ದರು. ಎರಡು ವರ್ಷಗಳ ತರುವಾಯ ಅವರಲ್ಲಿ ಅಂಥ ಸಂಜ್ಞೆಗಳು ಹೆಚ್ಚಿದ್ದವು, ಗ್ರಹಿಕೆಯೂ ಉತ್ತಮಗೊಂಡಿತ್ತು.

ಆದಕಾರಣ ವಯಸ್ಸೊಂದೇ ಈ ಅರಿವನ್ನು ತರುವುದಿಲ್ಲ. ಮನಸ್ಸನ್ನು ಕುರಿತು ಮಾತನಾಡುವ ಜೊತೆಗಾರರೂ ಅದಕ್ಕೆ ತಕ್ಕ ಭಾಷೆಯೂ ಬೇಕು. ಸಂಜ್ಞಾಭಾಷೆಯನ್ನಾಡುವ ಮನೆಯಲ್ಲಿ ಬೆಳೆದ ಕಿವುಡ ಮಕ್ಕಳು ಈ ವಿಷಯದಲ್ಲಿ ಹಿಂದುಳಿಯುವುದಿಲ್ಲ, ಅದನ್ನು ತಡವಾಗಿ ಕಲಿತವರು ಹಿಂದುಳಿಯುತ್ತಾರೆ. ಕನ್ನಡದಲ್ಲಿ ‘ಎನ್ನು’ ಎಂಬ ಮಾತಿನ ಧಾತುವಿನಿಂದಲೇ ‘ಎಂದುಕೊಳ್ಳು’ ಎಂಬ ಯೋಚನೆಯ ಪದ ಹುಟ್ಟಿದೆ. ಕಿವುಡ ಮಗುವಿಗೆ ಸಂಜ್ಞಾಭಾಷೆಯನ್ನು ತಡಮಾಡಿ ಕೊಟ್ಟರೆ, ಇತರರು ಏನೆಂದುಕೊಂಡಿರುವರೆಂದು ತಿಳಿಯುವ ದಾರಿಯನ್ನೇ ತಡೆದಂತಾಗುತ್ತದೆ.