ಮಾಳದ ಟಾರ್ಪಾಲು ಯಾಕೆ ಕೈಕೊಡುತ್ತದೆ?

ಭತ್ತ ಹಾಲುಗಟ್ಟುವ ಹೊತ್ತಿಗೇ ಹಂದಿ ಗದ್ದೆಗೆ ಇಳಿಯುವುದು. ಚಿತ್ತೆ, ಸ್ವಾತಿ ಮಳೆಯ ಗುಡುಗು, ಗಾಳಿಯೂ ಆಗಲೇ. ನಡುರಾತ್ರಿ ಮಾಳದ ಮಾಡು ಹಾರಿತೆಂದರೆ ಕಾಯುವವ ಮನೆ ಸೇರುತ್ತಾನೆ, ಗದ್ದೆ ಹಂದಿಗೆ. ಮೊದಲು ಸೋಗೆ, ಹುಲ್ಲು ಹೊದೆಸುತ್ತಿದ್ದೆವು. ಈಗ ನಮ್ಮ ಕಡೆ ಎಲ್ಲಿ ನೋಡಿದರೂ ನೀಲಿ ಟಾರ್ಪಾಲು. ಅಗ್ಗದ್ದು ತಂದರೆ ಒಂದೇ ಮಳೆಗಾಲ ಅಂತ ದೂರುವವರು ಬಹಳ. ನಾನು ಕಂಡಂತೆ ಅಗ್ಗದ ಹಾಳೆ ಸಾಯುವುದು ಮಳೆಯಿಂದಲ್ಲ. ಬಿಸಿಲಿನಿಂದ, ಮತ್ತೆ ನಾವು ಕಟ್ಟುವ ಕ್ರಮದಿಂದ.

ಈ ಹಾಳೆಯ ನಡುವೆ ಪ್ಲಾಸ್ಟಿಕ್ ಪಟ್ಟಿಯ ನೇಯ್ಗೆ ಇರುತ್ತದೆ, ಗೊಬ್ಬರದ ಚೀಲದ ಹಾಗೆ. ಬಲ ಕೊಡುವುದು ಅದು. ನೀರು ತಡೆಯುವುದು ಮಾತ್ರ ಎರಡೂ ಬದಿಗೆ ಅಂಟಿಸಿದ ತೆಳು ಪೊರೆ. ಮಡಿಕೆಯಲ್ಲಿ, ಬಿದಿರಿನ ಗಂಟಿಗೆ ಉಜ್ಜಿದಲ್ಲಿ ಪೊರೆ ಹೋಯಿತೋ, ಹಾಳೆ ಗಟ್ಟಿಯಿದ್ದರೂ ಸೋರುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪಾಲಿಥೀನ್ ಪೆಡಸಾಗಿ ಪುಡಿಯಾಗುತ್ತದೆ. ಇದನ್ನು ತಡೆಯುವ ರಾಸಾಯನಿಕ ಸೇರಿಸಿದ್ದಾರೋ ಇಲ್ಲವೋ ಕಣ್ಣಿಗೆ ಕಾಣದು, ಬಣ್ಣ ನೋಡಿ ಹೇಳಲಾಗದು. ಕಪ್ಪು ಹಾಳೆಗೆ ಒಂದು ಅನುಕೂಲ ಉಂಟು: ಅದಕ್ಕೆ ಬೆರೆಸುವ ಇಂಗಾಲದ ಮಸಿ ಕಿರಣವನ್ನು ತಾನೇ ಹೀರಿಕೊಳ್ಳುತ್ತದೆ.

ಕೊಳ್ಳುವಾಗ ತೂಕ ಹಾಕಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಜಿ.ಎಸ್.ಎಂ. ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. 18 ಅಡಿ ಉದ್ದ, 12 ಅಡಿ ಅಗಲದ ಹಾಳೆ ಹತ್ತಿರ ಹತ್ತಿರ 20 ಚದರ ಮೀಟರು. 200 ಜಿ.ಎಸ್.ಎಂ. ಎಂದು ಬರೆದಿದ್ದರೆ 4 ಕಿಲೋ ತೂಗಬೇಕು. ಎರಡೂವರೆ ಕಿಲೋ ಬಂದರೆ ಅದು 125ರ ಮಾಲು, ಆ ದರವನ್ನೇ ಕೊಡಿ. ಅಳತೆಯನ್ನೂ ಬಿಚ್ಚಿಸಿ ನೋಡಿ, ಅಂಚು ಮಡಚಿ ಹೊಲಿದ ಮೇಲೆ ಅಡಿ ಕಮ್ಮಿಯಾಗಿರುತ್ತದೆ.

ಇನ್ನು ಕಟ್ಟುವ ವಿಚಾರ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟು. ಆ ಎಳೆತವೆಲ್ಲ ಅಂಚಿನ ಅಲ್ಯೂಮಿನಿಯಂ ಬಳೆಗೆ ಬಿದ್ದರೆ ಬಳೆ ಕಿತ್ತು ಬರುತ್ತದೆ, ಅಲ್ಲಿಂದ ಹರಿಯಲು ಶುರು. ಬಳೆಯನ್ನು ನಂಬಬೇಡಿ. ಅಂಚಿನಿಂದ ಗೇಣು ಒಳಗೆ ಹಾಳೆಯ ಅಡಿಯಿಂದ ಒಂದು ಗೋಟಡಿಕೆ ಇಟ್ಟು, ಮುಷ್ಟಿಯಲ್ಲಿ ಹಿಡಿದ ಹಾಗೆ ಹಾಳೆಯನ್ನು ಸುತ್ತ ಒಟ್ಟುಮಾಡಿ ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ನುಣ್ಣನೆ ಕಲ್ಲಾದರೂ ಆದೀತು, ಮೊನೆ ಇರಬಾರದು. ಹಗ್ಗಕ್ಕೂ ಗೂಟಕ್ಕೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿದರೆ ಗಾಳಿಯ ಜಗ್ಗು ಅದು ತಿನ್ನುತ್ತದೆ. ನೈಲಾನ್ ಹಗ್ಗ ಒದ್ದೆಯಾದರೆ ಉದ್ದವಾಗುತ್ತದೆ, ಮಳೆ ಹಿಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಬಿದಿರಿನ ಗಂಟಿಗೆಲ್ಲ ಗೋಣಿ ಸುತ್ತಿ.

ಮಾಡಿಗೆ ಮೊಳಕ್ಕೆ ಗೇಣಿನಷ್ಟು ಇಳಿಜಾರು ಬೇಕೇ ಬೇಕು. ಒಂದು ಚದರ ಮೀಟರು ಜಾಗದಲ್ಲಿ ಒಂದು ಇಂಚು ನೀರು ನಿಂತರೆ 25 ಕಿಲೋ ಭಾರ. ಹಾಳೆ ಜೋಲುತ್ತದೆ, ಜೋತಲ್ಲಿ ಇನ್ನಷ್ಟು ನೀರು, ಕಡೆಗೆ ಮಾಳವೇ ವಾಲೀತು.

ಈಚೆಗೆ ಚಾರಣದ ಅಗ್ಗದ ಗುಡಾರ ತಂದು ಮಾಳದ ಮೇಲೆ ಬಿಚ್ಚುವವರೂ ಇದ್ದಾರೆ. ಕಾಯುವ ಕೆಲಸಕ್ಕೆ ಅದು ನನಗೆ ಸರಿಕಾಣದು: ಒಳಗೆ ಕೂತವನಿಗೆ ಗದ್ದೆ ಕಾಣುವುದಿಲ್ಲ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸದ ಗುಡಾರವಾದರೆ ಸೂಜಿಯ ತೂತಿನಲ್ಲೇ ನೀರು. ಇನ್ನೊಂದು, ಎಲ್ಲ ಮುಚ್ಚಿಕೊಂಡರೆ ನಮ್ಮ ಉಸಿರಿನ ತೇವವೇ ತಣ್ಣಗಿನ ಬಟ್ಟೆಗೆ ತಾಗಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ ಮಾರಾಯ್ರೆ, ಎರಡು ಕಡೆ ಗಾಳಿಗೆ ದಾರಿ ಬಿಟ್ಟರೆ ಕಮ್ಮಿಯಾಗುತ್ತದೆ.

ಸಿಡಿಲಿಗೆ ಮಾತ್ರ ಯಾವ ಹಾಳೆಯೂ ಆಗದು. ಬಯಲಲ್ಲಿ ಎತ್ತರಕ್ಕೆ ನಿಂತ ಮಾಳ ಆಗ ಕೂರುವ ಜಾಗವಲ್ಲ. ಗುಡುಗು ಕೇಳಿದ ಕೂಡಲೇ ಇಳಿದು ಮನೆ ಸೇರಿ, ಕಡೆಯ ಗುಡುಗಿನ ಮೇಲೆ ಅರ್ಧ ಗಂಟೆ ಬಿಟ್ಟು ಹೋಗಿ.

ಕೊಯ್ಲು ಮುಗಿದ ದಿನವೇ ಹಾಳೆ ಇಳಿಸಿ. ಮಾಳದ ಮೇಲೇ ಬಿಟ್ಟರೆ ಬೇಸಗೆ ಪೂರಾ ಬಿಸಿಲು ತಿನ್ನುತ್ತದೆ. ತೊಳೆದು ನೆರಳಲ್ಲಿ ಆರಿಸಿ, ಮಡಚದೆ ಬಿದಿರಿಗೆ ಸುತ್ತಿ ಇಲಿ ಹತ್ತದ ಕಡೆ ತೂಗುಹಾಕಿ.