ಹರಿದ ಹುಳುವಿಗೆ ಬಿಸಿ ಬೆಸುಗೆ

ಮೀನು ಕಚ್ಚಿ ಎಳೆದರೆ ಹುಳು ಹರಿಯುತ್ತದೆ. ಕಚ್ಚದಿದ್ದರೂ ಕೊಕ್ಕೆಯಿಂದ ಬಿಡಿಸಿ ಮತ್ತೆ ಚುಚ್ಚುವಷ್ಟರಲ್ಲಿ ಮೂತಿ ಸೀಳಿರುತ್ತದೆ. ಅಮೆರಿಕದಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರ ನಿತ್ಯದ ಗೋಳು ಇದು. ಹುಳು ಎಂದರೆ ನಮ್ಮ ತೋಟದ ಎರೆಹುಳುವಲ್ಲ. ಮುಟ್ಟಿದರೆ ಮೆತ್ತಗಿರುವ, ನೀರಿಗಿಳಿದರೆ ಬಳುಕುವ ಪ್ಲಾಸ್ಟಿಕ್ ಹುಳು. ಹರಿದದ್ದನ್ನು ಬಿಸಾಡಿ ಹೊಸ ಪೊಟ್ಟಣ ಒಡೆಯುವವರು ಬೇಕಾದಷ್ಟು ಜನ. ಹರಕುಗಳನ್ನೆಲ್ಲ ಡಬ್ಬಿಯಲ್ಲಿ ಕೂಡಿಟ್ಟು, ಕೆರೆಗಳು ಹೆಪ್ಪುಗಟ್ಟುವ ಚಳಿಗಾಲದಲ್ಲಿ ಒಂದೊಂದನ್ನೇ ಬೆಸೆಯುತ್ತ ಕೂರುವವರೂ ಇದ್ದಾರೆ.

ಈ ಹುಳುವಿನ ತವರು ಓಹಾಯೊ ರಾಜ್ಯದ ಆಕ್ರನ್, ಒಂದು ಕಾಲಕ್ಕೆ ಟೈರು ಕಾರ್ಖಾನೆಗಳ ಊರು. 1926ರಲ್ಲಿ ಅಲ್ಲಿನ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೀಮನ್, ಪಿವಿಸಿ ಎಂಬ ಗಡಸು ಪ್ಲಾಸ್ಟಿಕ್ಕನ್ನು ಬಿಸಿ ದ್ರಾವಕದಲ್ಲಿ ಕರಗಿಸಿ ಮೆತ್ತಗಾಗಿಸುವ ದಾರಿ ಕಂಡುಕೊಂಡ. 1949ರಲ್ಲಿ ಅದೇ ಊರಿನ ನಿಕ್ ಕ್ರೀಮ್ ಮತ್ತು ಅವನ ಹೆಂಡತಿ ಕಾಸ್ಮಾ ಅಡುಗೆಮನೆಯ ಒಲೆಯ ಮೇಲೆ ವಿನೈಲ್ (ಪಿವಿಸಿ), ಎಣ್ಣೆ, ಬಣ್ಣ ಕಾಸಿ ಅಚ್ಚಿಗೆ ಎರೆದು ಹುಳು ಮಾಡಿದರು. ಅವರ ಕಂಪನಿ ಆಮೇಲೆ ಟೆಕ್ಸಸ್‌ನ ಟೈಲರ್‌ಗೆ ಹೋಯಿತು.

ರಿಪೇರಿಯ ಗುಟ್ಟು ಆ ಒಲೆಯಲ್ಲೇ ಇದೆ. ಪಿವಿಸಿ ಪುಡಿಯನ್ನು ಮೆದುಕಾರಕ ಎಣ್ಣೆಯಲ್ಲಿ ಕಲಸಿದ ಪ್ಲಾಸ್ಟಿಸಾಲ್ ಮೊದಲು ಹಾಲಿನಂಥ ದ್ರವ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ತಿಳಿಯಾಗಿ, ಆರಿದಾಗ ಮೆತ್ತನೆಯ ಹುಳುವಾಗುತ್ತದೆ. ಟೈರಿನ ರಬ್ಬರನ್ನು ಒಮ್ಮೆ ಗಂಧಕ ಹಾಕಿ ಬೇಯಿಸಿದರೆ ಮತ್ತೆ ಕರಗಿಸಲಾಗದು. ಈ ಹುಳುವನ್ನಾದರೆ ಮತ್ತೆ ಮತ್ತೆ ಕರಗಿಸಬಹುದು.

ಹಾಗಾಗಿ ಕೆಲಸ ಸುಲಭ, ಕೈ ಮಾತ್ರ ನಿಧಾನವಾಗಿರಬೇಕು. ಹುಳುವನ್ನು ತೊಳೆದು ಪೂರ್ತಿ ಒಣಗಿಸಬೇಕು. ತೆಳು ಚಾಕುವಿನ ಅಲಗನ್ನು ದೀಪಕ್ಕೆ ಹಿಡಿದು ಕಾಸಿ, ಸೀಳಿನ ಎರಡು ಮೈಗಳ ನಡುವೆ ತೂರಿಸಿ, ಎರಡೂ ಕಡೆ ಹೊಳಪು ಬಂದ ಕೂಡಲೇ ಎಳೆದುಕೊಂಡು ಅದುಮಿ ಹಿಡಿದರಾಯಿತು. ಅರ್ಧ ನಿಮಿಷ ಕೈ ಅಲುಗಿಸಬಾರದು; ಆತುರಗಾರರ ಹುಳು ಅಲ್ಲೇ ಬಾಯಿ ಬಿಡುತ್ತದೆ. ಸಾಲ್ಡರಿಂಗ್ ಐರನ್ ಕೂಡ ಆಗುತ್ತದೆ, ಆದರೆ ಅದರ ಬಿಸಿ ಹದಕ್ಕೆ ಮೀರಿದ್ದು. ಪ್ಲಾಸ್ಟಿಕ್ ಕಂದಾಗಿ ಹೊಗೆ ಬಂದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಡುತ್ತಿದೆ ಎಂದರ್ಥ. ಕಿಟಕಿ ತೆರೆದಿಟ್ಟು ಕೂರುವುದು ಒಳ್ಳೆಯದು. ಇದಕ್ಕೆಂದೇ ಬರುವ ಅಂಟುಗಳೂ ಇವೆ. ಮಾಮೂಲಿ ಸೂಪರ್ ಗ್ಲೂ ಅವಸರಕ್ಕೆ ಸರಿ, ಆದರೆ ಒಣಗಿದ ಜಾಗ ಗಡುಸಾಗಿ ಹುಳುವಿನ ಬಳುಕೇ ಹೋಗುತ್ತದೆ.

ಹರಿಯದ ಹುಳುವನ್ನೇ ಮಾಡಬಾರದೇಕೆ? ಮಾಡಿದ್ದಾರೆ. ಝಡ್‌ಮ್ಯಾನ್ ಕಂಪನಿಯ ಇಲಾಝ್‌ಟೆಕ್ ಹುಳು ಎಷ್ಟು ಜಗ್ಗಿದರೂ ಸುಲಭಕ್ಕೆ ಹರಿಯದು. ಆದರೆ ಅದು ಪಿವಿಸಿ ಅಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಒಂದಕ್ಕೊಂದು ಕರಗಿ ಅಂಟಿಕೊಳ್ಳುತ್ತವೆ. ಸಾಲದ್ದಕ್ಕೆ ಅದು ನೀರಲ್ಲಿ ತೇಲುತ್ತದೆ. ಗ್ಯಾರಿ ಯಮಾಮೊಟೊ ಅವರ ಸೆಂಕೊ ಇದಕ್ಕೆ ತದ್ವಿರುದ್ಧ. ಮೈತುಂಬ ಉಪ್ಪು ಬೆರೆಸಿದ ಆ ಹುಳು ತನ್ನ ಭಾರಕ್ಕೇ ನಡುಗುತ್ತ ಇಳಿಯುತ್ತದೆ. ಒಂದೆರಡು ಮೀನು ಕಚ್ಚುವಷ್ಟರಲ್ಲಿ ತುಂಡಾಗುತ್ತದೆ. ನನ್ನ ಮಟ್ಟಿಗೆ ಅದು ದೋಷವಲ್ಲ. ಮೀನನ್ನು ಮರುಳು ಮಾಡುವ ಮೆದುತನವೇ ಹುಳು ಹರಿಯಲೂ ಕಾರಣ, ಒಂದು ಬೇಕೆಂದರೆ ಇನ್ನೊಂದನ್ನು ಸಹಿಸಬೇಕು. ಜಾಣರು ಸೆಂಕೊದ ನಡುವಿಗೆ ರಬ್ಬರ್ ಉಂಗುರ ತೊಡಿಸಿ, ಕೊಕ್ಕೆಯನ್ನು ಉಂಗುರಕ್ಕೇ ಸಿಕ್ಕಿಸುತ್ತಾರೆ.

ಬೆಸುಗೆಗೂ ನಿಲ್ಲದಷ್ಟು ಚಿಂದಿಯಾದವನ್ನು ಬಣ್ಣವಾರು ವಿಂಗಡಿಸಿ, ಕರಗಿಸಿ, ಅಚ್ಚಿಗೆ ಎರೆದು ಹೊಸ ಹುಳು ಮಾಡುವವರಿದ್ದಾರೆ. ಇಲ್ಲಿ ಅಪಾಯ ನೀರಿನದು. ಒಂದು ಹನಿ ತೇವ ಉಳಿದಿದ್ದರೂ ಕುದಿವ ಪ್ಲಾಸ್ಟಿಕ್ ಸಿಡಿದು ಮೈ ಸುಡುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕೈ ಹಾಕಬಾರದು. ಅಡುಗೆ ಪಾತ್ರೆಯನ್ನಂತೂ ಬಳಸಲೇಬಾರದು.

ನೀರಿಗೆ ಬಿದ್ದ ಹರಕು ಹುಳು ಕೊಳೆಯುವುದಿಲ್ಲ. ಮೀನು ಅದನ್ನೇ ಆಹಾರವೆಂದು ನುಂಗುತ್ತದೆ, ಜೀರ್ಣಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಇದೇ ಕಾರಣಕ್ಕೆ 2013ರಲ್ಲಿ ಮೇನ್ ರಾಜ್ಯದ ಶಾಸನಸಭೆಯಲ್ಲಿ ಇಂಥ ಹುಳುಗಳ ನಿಷೇಧಕ್ಕೆ ಮಸೂದೆಯೇ ಬಂದಿತ್ತು, ನಿಷೇಧ ಜಾರಿಯಾಗಲಿಲ್ಲ. ಗಾಳ ಹಾಕುವ ಹವ್ಯಾಸ ನಿಮಗಿದ್ದರೆ ಜೇಬಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಳ್ಳಿ. ಹರಿದದ್ದು ಅದಕ್ಕೆ ಬೀಳಲಿ, ನೀರಿಗಲ್ಲ.